ಹುಟ್ಟಿದ ಇಸವಿ ಸುಳ್ಳು ಹಾಕಿ ಮಕ್ಕಳಿಗೆ ಅಕೌಂಟ್ ಮಾಡಿಕೊಡಬೇಡಿ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅವರ ಕೈಗೆ ಫೋನ್ ಸಿಗುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ನನ್ನ ಅಕ್ಕನ ಮಗಳಿಗೆ ಆದದ್ದು ಇನ್ನೊಂದು ಮಗುವಿಗೆ ಆಗಬಾರದು. ಅಕ್ಕ, ಭಾವನಿಗೆ ಹೇಳಿಯೇ ಬರೆಯುತ್ತಿದ್ದೇನೆ.

ಅವಳಿಗೆ 10 ವರ್ಷ. ಡ್ಯಾನ್ಸ್ ಅಂದ್ರೆ ಪ್ರಾಣ. ಗೆಳತಿಯರೆಲ್ಲ ವಿಡಿಯೋ ಹಾಕ್ತಾರೆ ಅಂತ ತಾನೂ ಒಂದು ಆ್ಯಪ್‌ನಲ್ಲಿ ಅಕೌಂಟ್ ತೆರೆದಳು. ಹುಟ್ಟಿದ ಇಸವಿ ಕೇಳಿದಾಗ ಬೆರಳಲ್ಲಿ ಸರಿಸುತ್ತಾ ಹೋಗಿ 2004ಕ್ಕೆ ನಿಲ್ಲಿಸಿದ್ದಾಳೆ. ಬೇರೇನೂ ಕೇಳದೆ ಒಳಗೆ ಬಿಟ್ಟಿತು.

ಬಹಳ ಪೋಷಕರಿಗೆ ಗೊತ್ತಿಲ್ಲದ ವಿಷಯ ಇದು: ಸುಳ್ಳು ಇಸವಿ ಹಾಕಿದ ಮೇಲೆ ಆ್ಯಪ್‌ನ ಲೆಕ್ಕದಲ್ಲಿ ಆ ಮಗು ದೊಡ್ಡವರು. ಇನ್‌ಸ್ಟಾಗ್ರಾಂ 2024ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದವರ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗುವ, ಅಪರಿಚಿತರ ಮೆಸೇಜ್ ತಡೆಯುವ ವ್ಯವಸ್ಥೆ ತಂದಿತು. ಇಂಥ ಕಾವಲೆಲ್ಲ ವಯಸ್ಸು ನೋಡಿಯೇ ಬರುವುದು. 2004 ಅಂತ ಇದ್ದರೆ ಎಲ್ಲಿಂದ ಬರಬೇಕು?

ನಮ್ಮ ಹುಡುಗಿಗೆ ಮೆಸೇಜ್ ಮಾಡಿದ್ದು ತನಗೆ 11 ವರ್ಷ ಅಂತ ಹೇಳಿಕೊಂಡ ಒಬ್ಬ ‘ಹುಡುಗಿ’. ಮೊದಲು ಹೊಗಳಿಕೆ. ಆಮೇಲೆ, ನಿಂಗೆ ಬೇರೆ ರೂಮ್ ಇದೆಯಾ, ಅಮ್ಮ ಎಷ್ಟೊತ್ತಿಗೆ ಬರ್ತಾರೆ, ನಿನ್ನ ಫೋನ್ ಯಾರಾದ್ರೂ ನೋಡ್ತಾರಾ. ಆ ಚಾಟ್ ನಾನೇ ಓದಿದ್ದೇನೆ. ಮೇಲ್ನೋಟಕ್ಕೆ ಮಕ್ಕಳ ಹರಟೆ ಥರಾನೇ ಇದೆ. ನಿಧಾನಕ್ಕೆ ಓದಿದರೆ ಮಾತ್ರ ಗೊತ್ತಾಗುತ್ತದೆ, ಮಗು ಯಾವಾಗ ಒಂಟಿಯಾಗಿರುತ್ತದೆ ಅಂತ ಒಂದೊಂದಾಗಿ ವಿಚಾರಿಸಿಕೊಂಡಿದ್ದಾರೆ. ನಂತರ ಮೆಸೇಜ್ ತಾನಾಗಿ ಅಳಿಸಿಹೋಗುವ ಇನ್ನೊಂದು ಆ್ಯಪ್‌ಗೆ ಕರೆದಿದ್ದಾರೆ. ಅಲ್ಲಿ ಕೇಳಬಾರದ ಫೋಟೋ ಕೇಳಿದ್ದಾರೆ. ಒಂದು ಹೋಯಿತು. ಆಗಿನಿಂದ ಬೆದರಿಕೆ: ಇನ್ನೂ ಕಳಿಸು, ಇಲ್ಲಾಂದ್ರೆ ನಿನ್ನ ಕ್ಲಾಸಿನವರಿಗೆಲ್ಲ ತೋರಿಸ್ತೀನಿ.

ಮಗು ಊಟ ಬಿಟ್ಟಳು. ಫೋನ್ ಸದ್ದಾದರೆ ಬೆಚ್ಚಿಬೀಳುತ್ತಿದ್ದಳು. ಕೊನೆಗೆ “ಚಿಕ್ಕಮ್ಮಾ, ಅಮ್ಮಂಗೆ ಹೇಳ್ಬೇಡ” ಅಂತ ನನ್ನ ಹತ್ತಿರ ಅತ್ತಳು. ಬೈತಾರೆ, ಫೋನ್ ಕಿತ್ಕೋತಾರೆ ಅನ್ನೋ ಹೆದರಿಕೆಯೇ ಅವಳ ಬಾಯಿ ಕಟ್ಟಿತ್ತು. ಅಂಥವರು ನಂಬಿಕೊಂಡಿರುವುದೂ ಇದನ್ನೇ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಿಗೆ ಕನಿಷ್ಠ ವಯಸ್ಸು 13. ಅಷ್ಟಾದರೆ ಮಗುವಿಗೆ ಬುದ್ಧಿ ಬಲಿತಿರುತ್ತದೆ ಅಂತ ಯಾರೋ ಅಳೆದು ಇಟ್ಟ ಸಂಖ್ಯೆ ಅಲ್ಲ ಅದು. 13 ತುಂಬದವರ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು ಅನ್ನುವ ಅಮೆರಿಕದ 1998ರ ಕಾನೂನಿನಿಂದ ಬಂದದ್ದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಇಂಥ ಅಕೌಂಟೇ ಬೇಡ ಅಂದಿದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಹತ್ತು ವರ್ಷದ ಮಗುವಿಗಂತೂ ಖಂಡಿತ ಬೇಡ. ವಿಡಿಯೋ ಮಾಡಲಿ, ಮನೆಯವರಿಗೆ ತೋರಿಸಲಿ, ಸಾಕಲ್ವಾ?

ಈಗಾಗಲೇ ಇಂಥದ್ದು ನಡೆಯುತ್ತಿದ್ದರೆ ಮಗುವಿಗೆ ಬೈಯಬೇಡಿ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಬೆದರಿಕೆಯ ಮೆಸೇಜ್, ಆ ಅಕೌಂಟ್‌ನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ದುಡ್ಡಾಗಲಿ, ಇನ್ನೊಂದು ಫೋಟೋ ಆಗಲಿ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಪೊಲೀಸರಿಗೆ ದೂರು ಕೊಡಿ, ಆ್ಯಪ್‌ಗೂ ರಿಪೋರ್ಟ್ ಮಾಡಿ. ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆಯೂ ಇದೆ. ಅದರಲ್ಲಿ ಫೋಟೋ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಫೋಟೋದ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಆ ಸೇವೆಗೆ ಸೇರಿಕೊಂಡ ಕಂಪನಿಗಳು ಅದನ್ನು ಹೋಲಿಸಿ ನೋಡಿ ತಮ್ಮಲ್ಲಿರುವ ಪ್ರತಿಯನ್ನು ತೆಗೆದುಹಾಕುತ್ತವೆ. ನಮಗೆ ಇದು ತಡವಾಗಿ ಗೊತ್ತಾಯಿತು, ನೀವು ಈಗಲೇ ಗೊತ್ತುಮಾಡಿಕೊಂಡಿರಿ.