ಸಂಧ್ಯಾ ಸುರಕ್ಷಾ ಪಿಂಚಣಿ: ಸೇವೆಗೆ ನಾಲ್ಕು ಸ್ಟಾರ್, ಮೊತ್ತಕ್ಕೆ ಒಂದೇ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಬರುತ್ತದೆ. ಯಾರ ಕೈಕಾಲು ಹಿಡಿಯದೆ ನೇರ ಖಾತೆಗೆ ಬರುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಗೊಬ್ಬರಾದರೂ ಈ ಪಗಾರ ತಗೊಳ್ಳುವವರು ಇರುತ್ತಾರೆ, ಹೀಗಾಗಿ ಇದರ ಬಗ್ಗೆ ಯಾರಾದರೂ ಸರಿಯಾಗಿ ಬರೆಯಬೇಕು ಅನಿಸಿತು.

ನಾನು ನೋಡಿದ್ದು ಗುಳೇದಗುಡ್ಡದಲ್ಲಿರುವ ನಮ್ಮ ಚಿಗವ್ವನ ಪಿಂಚಣಿ. ಕುಣಿಮಗ್ಗದಲ್ಲಿ ಕೂತು ಖಣ ನೇಯ್ದೇ ಆಯುಷ್ಯ ಕಳೆದವಳು. ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೂಲಿಯವರು, ಮೀನುಗಾರರ ಜೊತೆ ನೇಕಾರರಿಗೂ ಇದೆ. ಅರ್ಜಿಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ತಗೊಂಡು ನಾಡಕಚೇರಿಗೆ ಹೋದೆವು. ಅಲ್ಲಿ ಏನೂ ತಕರಾರು ಆಗಲಿಲ್ಲ. ವಯಸ್ಸಿನ ದಾಖಲೆ ಸರಿ ಇರಬೇಕು, ಅದು ಮುಖ್ಯ.

ತೊಂದರೆ ಇರೋದು ದುಡ್ಡು ಕೈಗೆ ಬರುವ ಹೊತ್ತಿಗೆ. ಮಗ್ಗದ ಎಳೆ ಹಿಡಿದು ಹಿಡಿದು ಅವಳ ಹೆಬ್ಬೆರಳು ನುಣ್ಣಗಾಗಿದೆ, ಬೆರಳಚ್ಚಿನ ಮಷಿನ್ ಗುರುತು ಹಿಡಿಯಲ್ಲ. ಸೆರಗಿನಿಂದ ಒರೆಸಿ ಇಡುತ್ತಾಳೆ, ಕೆಂಪು ದೀಪ. ತೋರುಬೆರಳು ಇಡುತ್ತಾಳೆ, ಮತ್ತೆ ಕೆಂಪು. ಕೊನೆಗೆ ಎಡಗೈ ಉಂಗುರ ಬೆರಳಿಗೆ ಹಸಿರು ಬರುತ್ತದೆ. ಊರಲ್ಲಿ ದುಡ್ಡು ತೆಗೆದುಕೊಡುವ ಒಂದು ಸೆಂಟರ್‌ನವರು ಇದಕ್ಕೂ ಪ್ರತಿ ಸಲ ಇಪ್ಪತ್ತು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಮುದುಕರ ಪಗಾರದಲ್ಲಿ ಇಪ್ಪತ್ತು ರೂಪಾಯಿ ಮುರಿದುಕೊಳ್ಳೋದು ನನಗಂತೂ ಸಹಿಸಕ್ಕಾಗಲ್ಲ. ಈಗ ಪೋಸ್ಟ್‌ಮನ್ ಮನೆಗೇ ಬಂದು ಬೆರಳಚ್ಚು ತಗೊಂಡು ನೋಟು ಎಣಿಸಿ ಕೊಡುತ್ತಾರೆ. ಅವರಿಗೆ ಐದಕ್ಕೆ ಐದು ಸ್ಟಾರ್. ಒಟ್ಟು ಸೇವೆಗೆ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಆ ಬೆರಳಿನ ಪಾಡಿಗೆ.

ಇನ್ನು ಮೊತ್ತದ ಮಾತು. ನನ್ನ ನಿಜವಾದ ಸಿಟ್ಟು ಇರೋದು ಇಲ್ಲೇ.

2007ರಲ್ಲಿ ಈ ಯೋಜನೆ ಶುರುವಾದಾಗ ತಿಂಗಳಿಗೆ 400 ರೂಪಾಯಿ. 2018ರಲ್ಲಿ 600 ಇದ್ದದ್ದು ಒಮ್ಮೆಲೇ 1,000 ಆಯಿತು. 2021ರಲ್ಲಿ 1,200. ಆಮೇಲೆ ನಿಂತೇಹೋಯಿತು, 2025ರಲ್ಲೂ ಅಷ್ಟೇ. ಏರಿಸಿದವರಿಗೆ ಥ್ಯಾಂಕ್ಸ್ ಹೇಳಲೇಬೇಕು, ಆದರೆ ಯಾವಾಗ ಏರುತ್ತೆ, ಎಷ್ಟು ಏರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಹೊಸ ಮುಖ್ಯಮಂತ್ರಿ ಬರಬೇಕು, ಇಲ್ಲಾ ಚುನಾವಣೆ ಹತ್ತಿರ ಬರಬೇಕು. ನಡುವಿನ ವರ್ಷಗಳಲ್ಲಿ ಗುಳಿಗೆ, ಚಹಾಪುಡಿ, ಎಣ್ಣೆ ಎಲ್ಲದರ ರೇಟು ಏರುತ್ತಲೇ ಇರುತ್ತದೆ. ರೇಷನ್‌ನಲ್ಲಿ ಅಕ್ಕಿ ಬರುತ್ತದೆ ನಿಜ, ಆದರೆ ನಮ್ಮ ಕಡೆ ರೊಟ್ಟಿ ಬೇಕು, ಬಿಳಿಜೋಳ ಸಂತೆಯಲ್ಲೇ ಕೊಳ್ಳಬೇಕು. ಚಿಗವ್ವನನ್ನು ಕೇಳಿದರೆ ಒಂದೇ ಮಾತು: "ಬಿಪಿ ಗುಳಿಗಿಗೆ, ಜ್ವಾಳಕ್ಕ ಮುಗಿತೈತಿ ನೋಡಪಾ, ಮೊಮ್ಮಕ್ಕಳ ಕೈಯಾಗ ಹತ್ತು ರೂಪಾಯಿ ಇಡಾಕ ಉಳಿಯಂಗಿಲ್ಲ."

ವರ್ಷಕ್ಕೆ ಬರೀ ಶೇ 5ರಂತೆ ಏರಿಸಿದ್ದರೂ ನಾಲ್ಕು ವರ್ಷಕ್ಕೆ ಆ 1,200 2025ರ ಹೊತ್ತಿಗೆ 1,458ರ ಹತ್ತಿರ ಇರಬೇಕಿತ್ತು. ಭಾರೀ ಮೊತ್ತ ಏನಲ್ಲ, ಅಲ್ವಾ? ಆದರೆ ಆ ಇನ್ನೂರೈವತ್ತು ಅವಳಿಗೆ ತಿಂಗಳ ಗುಳಿಗೆ. ಕೇಂದ್ರದ ವೃದ್ಧಾಪ್ಯ ಪಿಂಚಣಿ ನೋಡಿದರೆ ಇನ್ನೂ ಬೇಜಾರಾಗುತ್ತದೆ. 1995ರಲ್ಲಿ 75 ರೂಪಾಯಿಯಿಂದ ಶುರುವಾಗಿದ್ದು, 2007ರ ಹೊತ್ತಿಗೆ 200 ಆಗಿತ್ತು, 80 ದಾಟದವರಿಗೆ ಇವತ್ತಿಗೂ ಕೇಂದ್ರದ ಪಾಲು ಅದೇ 200. ನಮ್ಮ ಓಣಿಯಲ್ಲೇ ಸಕ್ಕರೆ ಕಾರ್ಖಾನೆಯಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ, ಪಿಎಫ್ ಪಿಂಚಣಿಯವರು, ಅಲ್ಲಿ 2014ರಲ್ಲಿ ಮಾಡಿದ ಕನಿಷ್ಠ 1,000ಕ್ಕೇ ಅವರ ಪಿಂಚಣಿ ನಿಂತಿದೆ. ಅದೇ ಸರ್ಕಾರಿ ನೌಕರರಿಗೆ, ರಿಟೈರ್ ಆದವರಿಗೂ ಸಹ, ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರುತ್ತದೆ. ಅವರಿಗೆ ಸಿಗೋದು ತಪ್ಪು ಅಂತ ನಾನು ಹೇಳಲ್ಲ. ಜೋಳದ ರೇಟು ಮಾತ್ರ ಎಲ್ಲರಿಗೂ ಒಂದೇ.

ಬ್ರಿಟನ್ನಿನಲ್ಲಿ ಇದರ ಉಲ್ಟಾ ಜಗಳ ನಡೆದಿದೆ. ಅಲ್ಲಿ 2010ರಲ್ಲಿ ಬಂದ ಸರ್ಕಾರ 'ಟ್ರಿಪಲ್ ಲಾಕ್', ಅಂದ್ರೆ ಮೂರು ಬೀಗ, ಅಂತ ಮಾತು ಕೊಟ್ಟಿತು. ಬೆಲೆ ಏರಿಕೆ, ಸರಾಸರಿ ಸಂಬಳದ ಏರಿಕೆ, ಇಲ್ಲಾ ಶೇ 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರಬೇಕು. 2023ರಲ್ಲಿ ಬೆಲೆ ಲೆಕ್ಕದಿಂದ ಶೇ 10.1 ಏರಿತು, 2024ರಲ್ಲಿ ಸಂಬಳದ ಲೆಕ್ಕದಿಂದ ಶೇ 8.5. ಒಂದು ವರ್ಷ ಬೆಲೆ, ಮರುವರ್ಷ ಸಂಬಳ ಅಂತ ದೊಡ್ಡದನ್ನೇ ಹಿಡಿಯುತ್ತಾ ಹೋದರೆ ಕಾಲಕ್ರಮದಲ್ಲಿ ಪಿಂಚಣಿ ಎರಡನ್ನೂ ಮೀರಿ ಬೆಳೆಯುತ್ತದೆ, ಆ ಭಾರ ದುಡಿಯೋ ಹುಡುಗರ ಮೇಲೆ ಬೀಳುತ್ತದೆ, ಇದನ್ನು ಮುಂದುವರಿಸಬೇಕಾ ಅಂತ ಅಲ್ಲಿ ಕೇಳುತ್ತಿದ್ದಾರೆ. ಕೋವಿಡ್ ನಂತರ ಸಂಬಳದ ಅಂಕಿ ಒಮ್ಮೆಲೇ ಉಬ್ಬಿದಾಗ 2022ರಲ್ಲಿ ಆ ಒಂದು ಲಾಕ್ ಬಿಟ್ಟು ಶೇ 3.1 ಮಾತ್ರ ಕೊಟ್ಟರು.

ನನ್ನ ಅಭಿಪ್ರಾಯ ಹೇಳಬೇಕಂದ್ರೆ, ಮೂರು ಬೀಗದಲ್ಲಿ ಒಂದೆರಡು ಸಡಿಲಿಸುವ ಮಾತಿದ್ದರೆ ಕೂತು ಮಾತಾಡಬಹುದು. ಬೆಲೆಗೆ ಕಟ್ಟಿದ ಗಂಟನ್ನು ಮಾತ್ರ ಬಿಚ್ಚಬಾರದು. ಅದು ಏರಿಕೆಯೇ ಅಲ್ಲ, ಕೊಟ್ಟ ದುಡ್ಡಿನ ಬೆಲೆ ಇಳಿಯದ ಹಾಗೆ ನೋಡಿಕೊಳ್ಳೋದು ಅಷ್ಟೇ. ನಮ್ಮಲ್ಲಿ ಆ ಗಂಟೇ ಬಿದ್ದಿಲ್ಲ.

ಆಗದ ಮಾತು ಅಂತೀರಾ? ರಾಜಸ್ಥಾನದಲ್ಲಿ 2023ರಲ್ಲಿ ಕಾನೂನೇ ಮಾಡಿದರು. ಕನಿಷ್ಠ 1,000 ಪಿಂಚಣಿ, ವರ್ಷಕ್ಕೆ ಶೇ 15 ಏರಿಕೆ, ಜುಲೈನಲ್ಲಿ 5, ಜನವರಿಯಲ್ಲಿ 10. ಶೇ 15 ಜಾಸ್ತಿಯಾಯಿತು, ಪ್ರತಿ ವರ್ಷ ಅಷ್ಟು ಏರಿಸುತ್ತಾ ಹೋದರೆ ಖಜಾನೆ ತಡೆಯೋದು ಕಷ್ಟ. ಬೆಲೆ ಸೂಚ್ಯಂಕದಷ್ಟು ಸಾಕು. ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ ಒಂದು ಮಾತು: ವರ್ಷಾ ವರ್ಷ ಐವತ್ತು-ಅರವತ್ತು ರೂಪಾಯಿ ಏರಿಸೋದಕ್ಕೆ ಬಜೆಟ್ಟಿನಲ್ಲಿ ಮೊದಲೇ ಲೆಕ್ಕ ಇಡಬಹುದು, ನಾಲ್ಕೈದು ವರ್ಷ ಸುಮ್ನೆ ಕೂತು ಆಮೇಲೆ ಒಮ್ಮೆಲೇ 400 ಏರಿಸೋದೇ ಹೆಚ್ಚು ಹೊರೆ.

ಗೃಹಲಕ್ಷ್ಮಿ 2,000 ಬರುತ್ತಲ್ಲ ಅಂತಲೂ ಕೆಲವರು ಹೇಳುತ್ತಾರೆ. ಅದು ಕಾರ್ಡಿನಲ್ಲಿ ಯಜಮಾನಿ ಆದವಳಿಗೆ. ಅಜ್ಜಂದಿರಿಗೆ ಬರಲ್ಲ, ಯಜಮಾನಿ ಅಲ್ಲದ ಅಜ್ಜಿಗೂ ಬರಲ್ಲ.

ಅರ್ಜಿ ಹಾಕದವರು ಇದ್ದರೆ ಇವತ್ತೇ ಹಾಕಿಸಿ, ಸೇವೆ ಚೆನ್ನಾಗಿದೆ. ಸೆಂಟರ್‌ಗೆ ಕಮಿಷನ್ ಕೊಡಬೇಡಿ, ಪೋಸ್ಟ್ ಆಫೀಸಿನಲ್ಲಿ ಖಾತೆ ತೆಗೆಸಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುವ ಹೊತ್ತಿಗೆ ನಮ್ಮ ಕಡೆಯ ಶಾಸಕರು ಊರಲ್ಲಿ ಸಿಕ್ಕೇ ಸಿಗುತ್ತಾರೆ. ಈ ಸಲ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ತುಟ್ಟಿಭತ್ಯೆ ಏರಿಸೋ ಆದೇಶದಲ್ಲೇ ಮುದುಕರ ಪಗಾರಕ್ಕೂ ಒಂದು ಸಾಲು ಯಾಕೆ ಸೇರಿಸಬಾರದು?