ಹಾಡಿಗೊಂದು, ಸಿನಿಮಾಕ್ಕೊಂದು: ರಿಸೀವರ್ ಸಾಕೇ, ಸ್ಟೀರಿಯೊ ಆಂಪ್ಲಿಫೈಯರ್ ಬೇಕೇ?

ವಾರಕ್ಕೊಂದು ಸಿನಿಮಾ, ನಡುವೆ ಒಂದಿಷ್ಟು ಹಾಡು ಅನ್ನುವವರಿಗೆ ಹೋಮ್ ಥಿಯೇಟರ್ ರಿಸೀವರ್ (ಸಿನಿಮಾದ ಸದ್ದನ್ನು ಸುತ್ತಲಿನ ಎಲ್ಲ ಸ್ಪೀಕರ್‌ಗಳಿಗೂ ಹಂಚುವ ಪೆಟ್ಟಿಗೆ) ಒಂದೇ ಸಾಕು. ತಂತಿ ಕಡಿಮೆ, ರಿಮೋಟ್ ಒಂದೇ.

ದಿನಾ ಸಂಜೆ ಕೂತು ಸಂಗೀತ ಕೇಳುವವರಾದರೆ ಎರಡು ಸ್ಪೀಕರ್‌ಗಳನ್ನಷ್ಟೇ ನುಡಿಸುವ ಸ್ಟೀರಿಯೊ ಆಂಪ್ಲಿಫೈಯರ್ ಸೇರಿಸಿ ಎನ್ನುತ್ತೇನೆ. ರಿಸೀವರಿನ ಫ್ರಂಟ್ ಪ್ರಿ-ಔಟ್‌ನಿಂದ (ಮುಂದಿನ ಸ್ಪೀಕರ್‌ಗಳ ಸಿಗ್ನಲನ್ನು ಬೇರೆ ಆಂಪ್ಲಿಫೈಯರಿಗೆ ಕೊಡುವ ಕಿಂಡಿ) ಆಂಪ್ಲಿಫೈಯರಿನ ಹೋಮ್ ಥಿಯೇಟರ್ ಬೈಪಾಸ್‌ಗೆ (ಆಂಪ್ಲಿಫೈಯರಿನ ಸ್ವಂತ ವಾಲ್ಯೂಮ್ ಲೆಕ್ಕಕ್ಕಿಲ್ಲದ ಇನ್‌ಪುಟ್) ಆರ್‌ಸಿಎ ಆಡಿಯೊ ಕೇಬಲ್ ಎಳೆಯಿರಿ. ಮುಂದಿನ ಎರಡು ಸ್ಪೀಕರ್‌ಗಳು ಆಂಪ್ಲಿಫೈಯರಿಗೆ, ಉಳಿದವು ರಿಸೀವರಿಗೆ. ಸಿನಿಮಾ ಹಾಕಿದಾಗ ವಾಲ್ಯೂಮ್ ರಿಸೀವರಿನ ಕೈಯಲ್ಲಿ. ಹಾಡು ಕೇಳುವಾಗ ರಿಸೀವರ್ ಆಫ್ ಆಗಿಯೇ ಇರಲಿ. ಈ ಸುಖಕ್ಕಾಗಿಯೇ ನನಗೆ ಈ ದಾರಿ ಇಷ್ಟ.

ಬೈಪಾಸ್ ಇಲ್ಲದ ಆಂಪ್ಲಿಫೈಯರ್ ಆದರೆ? ಸಾಮಾನ್ಯ ಲೈನ್ ಇನ್‌ಪುಟ್ ಬಳಸಿ, ವಾಲ್ಯೂಮನ್ನು ಒಂದು ಗುರುತಿಗೆ ನಿಲ್ಲಿಸಿ, ಅಲ್ಲಿಯೇ ರಿಸೀವರಿನ ಮೈಕ್ ಕ್ಯಾಲಿಬ್ರೇಷನ್ (ಮೈಕ್ ಇಟ್ಟು ಎಲ್ಲ ಸ್ಪೀಕರ್‌ಗಳ ಸದ್ದನ್ನು ಸರಿತೂಗಿಸುವುದು) ಮಾಡಿ. ಪ್ರತಿ ಸಿನಿಮಾಕ್ಕೂ ಗುಂಡಿ ಅದೇ ಗುರುತಿಗೆ ಬರಬೇಕು. ಮರೆತರೆ ಮುಂದಿನ ಸ್ಪೀಕರ್‌ಗಳು ಅಬ್ಬರಿಸುತ್ತವೆ, ಇಲ್ಲವೇ ಸೊರಗುತ್ತವೆ.

ಕೊಳ್ಳುವ ಮುನ್ನ ರಿಸೀವರಿನ ಬೆನ್ನು ನೋಡಿ. ಡೆನಾನ್ ಕಂಪನಿಯ ಎವಿಆರ್-ಎಕ್ಸ್1700ಎಚ್‌ನಲ್ಲಿ ಮುಂದಿನ ಸ್ಪೀಕರ್‌ಗಳಿಗೆ ಪ್ರಿ-ಔಟ್ ಇಲ್ಲ. ಎಕ್ಸ್3800ಎಚ್‌ನಲ್ಲಿ ಎಲ್ಲ ಚಾನೆಲ್‌ಗೂ ಇದೆ. ಪ್ರಿ-ಔಟ್ ಇಲ್ಲದಿದ್ದರೆ ಸ್ಪೀಕರ್‌ಗಳನ್ನು ಒಮ್ಮೆ ರಿಸೀವರಿಗೆ, ಒಮ್ಮೆ ಆಂಪ್ಲಿಫೈಯರಿಗೆ ಬದಲಿಸುವ ಸ್ಪೀಕರ್ ಸೆಲೆಕ್ಟರ್ ಸ್ವಿಚ್ ಉಂಟು: ಖರ್ಚು ಕಡಿಮೆ, ಆದರೆ ಸಿನಿಮಾಕ್ಕೆ ಆಂಪ್ಲಿಫೈಯರಿನ ಬಲ ಸಿಗದು.

ಒಂದೇ ಜೋಡಿ ಸ್ಪೀಕರಿಗೆ ಎರಡೂ ಪೆಟ್ಟಿಗೆಗಳ ತಂತಿಯನ್ನು ನೇರವಾಗಿ ಒಟ್ಟಿಗೆ ಸಿಕ್ಕಿಸಲೇಬೇಡಿ, ಆಂಪ್ಲಿಫೈಯರ್ ಸುಟ್ಟುಹೋದೀತು.