ಅಡುಗೆಮನೆಯ ಡಿಜಿಟಲ್ ತಕ್ಕಡಿ: ಬೆಂದ ಕಾಳಿಗೆ ಕಪ್ ಬೇಡ, ಇದೇ ಸಾಕು

ಐದು ಕೆಜಿವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ ಸಾಮಾನ್ಯ ತಕ್ಕಡಿ ಇದು. ಕೊಂಡು ವರ್ಷಗಳಾದವು, ಇವತ್ತಿಗೂ ದಿನಾ ಬಳಸುತ್ತೇವೆ. ಕೇಕ್ ಮಾಡುವವರಿಗೆ ಮಾತ್ರ ಬೇಕಾದ ವಸ್ತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಜಾಸ್ತಿ ಕೆಲಸ ಇರುವುದು ಬೆಂದ ಕಾಳಿನ ವಿಷಯದಲ್ಲಿ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಊಟದ ಲೆಕ್ಕ ಬರೆದಿಡುತ್ತೇವೆ. ಆ್ಯಪ್ ತೆರೆದರೆ "ಬೆಂದ ಕಾಳು ಒಂದು ಕಪ್" ಅಂತ ಇರುತ್ತದೆ. ಯಾವ ಕಪ್? ಅಮೆರಿಕದ ಕಪ್ ಸುಮಾರು 237 ಮಿಲಿ, ಅಂಗಡಿಯಲ್ಲಿ ಸಿಗುವ ಅಳತೆ ಕಪ್ಪು 240 ಅಥವಾ 250, ಮನೆಯಲ್ಲಿರುವ ಪಾವಿನ ಲೆಕ್ಕವೇ ಬೇರೆ.

ಕಪ್ ಸರಿಯಾಗಿದ್ದರೂ ಎಲ್ಲ ಕಾಳೂ ಒಂದೇ ತೂಕ ಬರಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಂದು ಕಪ್ ಬೆಂದ ಕಾಬೂಲಿ ಕಡಲೆ 164 ಗ್ರಾಂ, ರಾಜ್ಮಾ 177, ಮಸೂರ 198, ಹೆಸರುಕಾಳು 202. ಗಟ್ಟಿಯಾಗಿ ಉಳಿದ ಕಾಳಿನ ಮಧ್ಯೆ ಸಂದಿ ಜಾಸ್ತಿ, ಮೆತ್ತಗಾದ ಕಾಳು ಒತ್ತಿಕೊಂಡು ಕೂರುತ್ತದೆ. ಕುಕ್ಕರ್ ಇನ್ನೆರಡು ವಿಷಲ್ ಜಾಸ್ತಿ ಕೂಗಿ ಕಾಳು ಒಡೆದರೆ ಆ ಸಂದಿಯೂ ತುಂಬಿ ಅದೇ ಕಪ್ಪಿನಲ್ಲಿ ಇನ್ನಷ್ಟು ಹಿಡಿಯುತ್ತದೆ. ಹಾಗಾಗಿ ಈ ಅಂಕಿಗಳು ಅಂದಾಜಿಗೆ ಸರಿ, ತಟ್ಟೆಗೆ ಬಡಿಸುವಾಗ ತೂಗುವುದೇ ಒಳ್ಳೆಯದು.

ನಾವು ಮಾಡುವುದು ಹೀಗೆ. ನೆನೆಸುವ ಮೊದಲೇ ಒಣ ಕಾಳು ತೂಗುತ್ತೇವೆ. ಬೆಂದ ಮೇಲೆ ಕಟ್ಟು ಪೂರ್ತಿ ಬಸಿದು, ಖಾಲಿ ಪಾತ್ರೆ ತಕ್ಕಡಿ ಮೇಲಿಟ್ಟು, ಟೇರ್ ಒತ್ತಿ ಸೊನ್ನೆ ಮಾಡಿ, ಕಾಳು ಸುರಿಯುತ್ತೇವೆ. 200 ಗ್ರಾಂ ಒಣ ಕಡಲೆ ಬೆಂದು 460 ಗ್ರಾಂ ಆಯಿತು ಅನ್ನಿ, ಆಗ 115 ಗ್ರಾಂ ಉಸಲಿ ಹಾಕಿಕೊಂಡವರು ತಿಂದಿದ್ದು 50 ಗ್ರಾಂ ಒಣ ಕಡಲೆ. ಇದು ಯಾಕೆ ಮುಖ್ಯ ಅಂದ್ರೆ, 100 ಗ್ರಾಂ ಒಣ ಕಡಲೆಯಲ್ಲಿ ಪ್ರೋಟೀನು ಸುಮಾರು 20 ಗ್ರಾಂ, ಬೆಂದ 100 ಗ್ರಾಂನಲ್ಲಿ 9 ಗ್ರಾಂ ಕೂಡ ಇರಲ್ಲ, ಈ ವ್ಯತ್ಯಾಸಕ್ಕೆ ಕಾರಣ ಕಾಳು ಕುಡಿದ ನೀರು. ಒಣ ಕಾಳಿನ ಅಂಕಿಯನ್ನು ಬೆಂದ ಕಾಳಿಗೆ ಹಾಕಿದರೆ ಲೆಕ್ಕ ಎರಡು ಪಟ್ಟು ಮೀರುತ್ತದೆ.

ತೊಗರಿಬೇಳೆ ಸಾರಿಗೆ ಬಸಿಯುವ ಮಾತೇ ಇಲ್ಲ ಅಲ್ವಾ? ಅದಕ್ಕೆ ಸಾರಿನ ಪಾತ್ರೆಯ ಖಾಲಿ ತೂಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿದ್ದೇವೆ. ತುಂಬಿದ ಪಾತ್ರೆ ತೂಗಿ, ಅದನ್ನು ಕಳೆದು, ಬಡಿಸಿದ ಸಾರಿನ ತೂಕಕ್ಕೆ ತಕ್ಕ ಹಾಗೆ ಹಾಕಿದ ಬೇಳೆಯನ್ನು ಪಾಲು ಮಾಡಿದರೆ ಮುಗಿಯಿತು.

ತೊಂದರೆಗಳೂ ಇವೆ. ಅಗಲವಾದ ಪಾತ್ರೆ ಇಟ್ಟರೆ ಅಂಕಿ ಕಾಣಿಸಲ್ಲ, ಬಗ್ಗಿ ನೋಡಬೇಕು. ಕಾಳು ಬಸಿಯುವಷ್ಟರಲ್ಲಿ ತಾನೇ ಆಫ್ ಆಗಿ, ಒತ್ತಿದ ಟೇರ್ ಹೋಗಿಬಿಡುತ್ತದೆ. ಒಲೆಯಿಂದ ಇಳಿಸಿದ ಬಿಸಿ ಕುಕ್ಕರನ್ನು ನೇರವಾಗಿ ಇಟ್ಟರೆ ಅಂಕಿ ಒಂದೇ ಕಡೆ ನಿಲ್ಲಲ್ಲ, ಕೆಳಗೊಂದು ಮರದ ಹಲಗೆ ಬೇಕು. ಒಂದೊಂದೇ ಕಾಳು ಮೆಲ್ಲಗೆ ಹಾಕಿದರೆ ಕೆಲವು ಸಲ ಅದಕ್ಕೆ ಗೊತ್ತೇ ಆಗಲ್ಲ. ಸ್ವಲ್ಪ ಜಾಸ್ತಿ ಹಾಕಿ ತೆಗೆಯುವುದು ವಾಸಿ.

ಇನ್ನೊಂದು, ಇದರಲ್ಲಿ ಮಿಲಿ ಅಂತ ಒಂದು ಆಯ್ಕೆ ಇದೆ. ಅದನ್ನು ನೋಡಿ ಕಾಳಿನ ಕಪ್ ಅಳತೆಯೂ ಸಿಗುತ್ತದೆ ಅಂದುಕೊಳ್ಳಬೇಡಿ. ಅದು ತೂಕವನ್ನೇ ನೀರಿನ ಲೆಕ್ಕದಲ್ಲಿ ತೋರಿಸುತ್ತದೆ. 164 ಗ್ರಾಂ ಕಡಲೆ ಇಟ್ಟರೆ 164 ಮಿಲಿ ಅನ್ನುತ್ತದೆ, ನಿಜವಾಗಿ ಅಷ್ಟು ಕಡಲೆ ಒಂದು ಕಪ್ ತುಂಬುತ್ತದೆ. ಗ್ರಾಂನಲ್ಲೇ ಇಡಿ, ಆ ಬಟನ್ ಮುಟ್ಟಬೇಡಿ.

ಕೊಳ್ಳುವವರು ಅಂಕಿಯ ಪರದೆ ಮುಂದಕ್ಕೆ ಇರುವುದನ್ನೇ ಆರಿಸಿ, ಆಫ್ ಆಗಲು ಎಷ್ಟು ಹೊತ್ತು ಬಿಡುತ್ತದೆ ಅಂತ ಕೇಳಿ. ಉಳಿದ ಸೌಲಭ್ಯಗಳಿಗೆ ಸುಮ್ನೆ ದುಡ್ಡು ಕೊಡಬೇಡಿ.